ಎರಡು ಖೋಲಿ, ಒಂದು ಏಸಿ

ನಿಯಾಜ ತನ್ನ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಒಂದು ಗೋಡೆ ಕಟ್ಟಿಸಿದ. ಆಮೇಲೆ ಆದದ್ದಕ್ಕೆಲ್ಲ ಆ ಗೋಡೆಯೇ ಮೂಲ. ಗೋಡೆಯನ್ನು ಬೈದರೆ ಬೈದವನಿಗೇ ನಾಚಿಕೆ ಅಂತ ಊರವರು ಬೈಗುಳವನ್ನೆಲ್ಲ ಏಸಿಯ ಪಾಲಿಗೆ ಬಿಟ್ಟರು.

ಗೋಡೆ ಕಟ್ಟಿಸಿದ್ದು ಬಸ್ತಾದ ಸಲುವಾಗಿ. ಇಂಡಿ ಕಡೆ ಮದುವೆ ಗೊತ್ತಾಯಿತೆಂದರೆ ಗಂಡಿನವರು, ಹೆಣ್ಣಿನವರು ಇಬ್ಬರೂ ಟೆಂಪೊ ಮಾಡಿಕೊಂಡು ಒಂದೇ ಅಂಗಡಿಗೆ ಬರುತ್ತಾರೆ. ಬೆಳಗಿನಿಂದ ಸಂಜೆತನಕ ಬಿಳಿ ಗಾದಿಯ ಮೇಲೆ ಕೂತು ಮದುವೆಯ ಅಷ್ಟೂ ಬಟ್ಟೆ ಆರಿಸುತ್ತಾರೆ. ಅದೇ ಬಸ್ತಾ. ಹುಡುಗಿಯ ಸೀರೆ ಆರಿಸುವವರು ಗಂಡಿನವರು, ಹುಡುಗನ ಬಟ್ಟೆ ಆರಿಸುವವರು ಹೆಣ್ಣಿನವರು. ಒಬ್ಬರು ಆರಿಸಿದ್ದನ್ನು ನೋಡಿ ಇನ್ನೊಬ್ಬರು ಹೊಗಳಬೇಕು. ಬೀಗರು ಬೀಗರ ಮುಖಕ್ಕೆ ಕೆಟ್ಟ ಮಾತು ಆಡುವಂತಿಲ್ಲ. ಅಕ್ಷತೆ ಬೀಳುವ ತನಕವಂತೂ ಆಡುವಂತೆಯೇ ಇಲ್ಲ. ಹೀಗಾಗಿ ಆಡಬೇಕಾದ ಮಾತು ಹೊಟ್ಟೆಯಲ್ಲೇ ಕುದ್ದು, ಮೂರನೆಯ ಸೀರೆ ಬಿಚ್ಚುವ ಹೊತ್ತಿಗೆ ಯಾರಾದರೂ ಒಬ್ಬರು ತಲೆನೋವೆಂದು ಎದ್ದುಬಿಡುತ್ತಿದ್ದರು. ಎದ್ದವರು ಮರುದಿನ ಸೊಲ್ಲಾಪುರದ ಅಂಗಡಿಯಲ್ಲಿ ಕೂತಿರುತ್ತಿದ್ದರು.

ನಿಯಾಜ ಬಹಳ ಯೋಚಿಸಿ ಉಪಾಯ ಕಂಡುಹಿಡಿದ. ಗಂಡಿನವರಿಗೊಂದು ಖೋಲಿ, ಹೆಣ್ಣಿನವರಿಗೊಂದು ಖೋಲಿ. ನಡುವೆ ದಪ್ಪ ಗೋಡೆ. ಬಾಗಿಲು ಹಾಕಿಕೊಂಡು ಅವರವರು ಏನು ಬೇಕಾದರೂ ಅಂದುಕೊಳ್ಳಲಿ, ಹೊರಗೆ ಬಂದು ನಗಲಿ.

ಆದರೆ ಗೋಡೆ ಎದ್ದ ಮೇಲೆ ಗಾಳಿ ಸತ್ತಿತು. ಮೇ ತಿಂಗಳಲ್ಲಿ ಆ ಖೋಲಿಗಳಲ್ಲಿ ಕೂತವರು ಸೀರೆ ನೋಡುವ ಬದಲು ಸೀರೆಯಿಂದಲೇ ಗಾಳಿ ಹಾಕಿಕೊಂಡಾರು. ಅದಕ್ಕೆ ಏಸಿ ಬಂತು. ಗೋಡೆಗೆ ನೇತುಹಾಕುವ ಏಸಿ ಅಲ್ಲ. ಯಂತ್ರ ಅಟ್ಟದ ಮೇಲೆ, ಅಲ್ಲಿಂದ ಎರಡು ತಗಡಿನ ಕೊಳವೆ ಎರಡು ಖೋಲಿಗೆ. ಅಜ್ಜಿಯರು ಹೇಳುವ ರಾಕ್ಷಸನ ಹಾಗೆ ಅದರ ಹೊಟ್ಟೆ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಹೊಟ್ಟೆ ಅಟ್ಟದ ಕತ್ತಲಲ್ಲಿ ಮಲಗಿತ್ತು, ಬಾಯಿಗಳು ಖೋಲಿಗಳ ಸೂರಿನಲ್ಲಿ ಬಿಳಿ ಜಾಲರಿಯಾಗಿ ತೆರೆದಿದ್ದವು, ಮೂಗು ಪಡಸಾಲೆಯ ಸೂರಿನಲ್ಲಿ ಕೂತು ಗಾಳಿ ಎಳೆದುಕೊಳ್ಳುತ್ತಿತ್ತು. ಜೀವ ಮಾತ್ರ ತಾರಸಿಯ ಗಚ್ಚಿಯ ಮೇಲೆ ಬಿಸಿಲಲ್ಲಿ ಗುರುಗುಡುತ್ತಿತ್ತು.

ಕೂಡಿಸಿದವನು ಮುದ್ದೇಬಿಹಾಳದ ಕಾಂತು. ಕೊಳವೆಯ ಏಸಿ ಅವನ ಕೈಯಲ್ಲಿ ಇದೇ ಮೊದಲನೆಯದು. ಆದರೂ ಅನುಮಾನವೆಂಬುದು ಅವನ ಮುಖದ ಹತ್ತಿರ ಸುಳಿಯುತ್ತಿರಲಿಲ್ಲ.

"ಖೋಲಿ ತಂಪಾತಂದ್ರ ಮಶೀನ್ ತಾನ ಸುಮ್ನಾಗ್ತೈತ್ರಿ. ಗಾಳೀನೂ ಬಂದ್, ಸಪ್ಪಳಾನೂ ಬಂದ್. ಮತ್ತ ಶೆಕಿ ಆತಂದ್ರ ತಾನ ಏಳ್ತೈತಿ," ಎಂದ ಕಾಂತು.

"ನಮ್ಮ ಅಳಿಯಾ ಇದ್ದಾಂಗ ಐತಿ ಬಿಡು," ಎಂದ ಗೈಬುಸಾಬ. ನಿಯಾಜನ ತಂದೆಯ ಕಾಲದಿಂದ ಆ ಅಂಗಡಿಯಲ್ಲಿ ಸೀರೆ ಬಿಚ್ಚುತ್ತಿದ್ದ ಮುದುಕ ಅವನು.

ಅವತ್ತು ಬರುವವರು ಸಾಮಾನ್ಯರಲ್ಲ. ತಾಂಬಾದ ಬಸಣ್ಣ, ಮಗ ಮುತ್ತುರಾಜನ ಬಸ್ತಾಕ್ಕೆ. ಬಸಣ್ಣ ಹೋದ ಅಂಗಡಿಗೆ ಇಡೀ ತಾಂಬಾ ಹೋಗುತ್ತದೆ. ಬಸಣ್ಣ ಮುರಿದುಕೊಂಡು ಎದ್ದ ಅಂಗಡಿಯ ಮೆಟ್ಟಿಲನ್ನು ಆ ಊರಿನ ಆಡೂ ಹತ್ತುವುದಿಲ್ಲ.

"ಚಾಚಾ, ಈ ಒಂದ ಬಸ್ತಾ ಕೈಗೆ ಹತ್ತಿತಂದ್ರ ನಾವು ಗೆದ್ದಾಂಗ," ಎಂದ ನಿಯಾಜ.

"ಗೆಲ್ಲೋಣಂತ್ರಿ ಮಾಲಕ್ರ. ಮೊದಲ ಆ ಗಾದಿ ಮ್ಯಾಲಿನ ಬಕೀಟು ತಗಸ್ರಿ."

ಏಸಿಯ ನೀರು ಹರಿದುಹೋಗಬೇಕಾದ ಸಣ್ಣ ಪೈಪನ್ನು ಕಾಂತು ಇಳಿಜಾರು ಬಿಡುವ ಬದಲು ಏರುಜಾರು ಬಿಟ್ಟಿದ್ದ. ನೀರು ಏರಲಾರದೆ ಗಾದಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಟೆಂಪೊ ಬಾಗಿಲಿಗೆ ಬರುವಷ್ಟರಲ್ಲಿ ಕಾಂತು ಪೈಪಿನ ಕೆಳಗೆ ಇಟ್ಟಿಗೆ ತುಂಡು ಕೊಟ್ಟು, ಇಟ್ಟಿಗೆಯ ಕೆಳಗೆ ರಟ್ಟು ಕೊಟ್ಟು ಹೇಗೋ ನಿಲ್ಲಿಸಿದ.

ಮೊದಲು ಇಳಿದವರು ದೇವರ ಹಿಪ್ಪರಗಿಯ ಹೆಣ್ಣಿನವರು. ಮುಂದೆ ಹುಡುಗಿಯ ಅಜ್ಜಿ ಹನಮವ್ವ, ಹಿಂದೆ ಹುಡುಗಿ ಸುವರ್ಣಾ, ಅವಳ ಹಿಂದೆ ಉಳಿದ ಊರು. ಹನಮವ್ವ ಖೋಲಿಯಲ್ಲಿ ಕೂತು ಜಾಲರಿ ನೋಡಿದಳು.

"ತಮ್ಮಾ, ಇದಕ್ಕ ನೀರ ಎಲ್ಲಿ ಹಾಕ್ತೀರಿ?"

"ಇದು ಕೂಲರ್ ಅಲ್ರಿ ಆಯಿ, ನೀರ ಹಾಕೂದಿಲ್ಲ," ಎಂದ ನಿಯಾಜ.

"ನೀರ ಹಾಕಲಾರದ ಹೆಂಗ ತಂಪಾಗ್ತೈತಿ? ನೀವು ವ್ಯಾಪಾರದವರು, ಏನ ಹೇಳಿದ್ರೂ ನಡೀತೈತಿ."

ಅತ್ತ ಗಂಡಿನವರ ಖೋಲಿಯಲ್ಲಿ ಬಸಣ್ಣನ ಅಕ್ಕ ಸುಮಿತ್ರಾಬಾಯಿ, ಅಂದರೆ ಹುಡುಗನ ಸೋದರತ್ತೆ, ಗಾದಿಯ ನಟ್ಟನಡುವೆ ಕೂತಿದ್ದಳು. ಅವಳು ಕೂತ ಮೇಲೆ ಗಾದಿಯಲ್ಲಿ ಉಳಿದವರಿಗೆ ಅಂಚು ಮಾತ್ರ ಸಿಕ್ಕಿತ್ತು. ನಿಯಾಜ ಎರಡೂ ಕಡೆ ಬಾಗಿಲು ಎಳೆದು, ಗೈಬುಸಾಬನನ್ನು ಸೀರೆಗೆ ಹಚ್ಚಿ, ಚಹಾ ಹೇಳಲು ಕೆಳಗೆ ಹೋದ. ಖೋಲಿಗಳು ತಂಪಾದವು. ಕಾಂತು ಹೇಳಿದ್ದ ಹಾಗೆ ಯಂತ್ರ ತಾನೇ ಸುಮ್ಮನಾಯಿತು.

ಸದ್ದು ನಿಂತದ್ದೇ ತಡ, ಹೆಣ್ಣಿನವರ ಖೋಲಿಯ ಸೂರಿನಿಂದ ಸುಮಿತ್ರಾಬಾಯಿಯ ದನಿ ತಂಪಾಗಿ ಇಳಿದು ಬಂತು.

"ಹಳದಿ ಬ್ಯಾಡ ಗೈಬುಸಾಬ. ಹುಡುಗಿ ಬಣ್ಣಕ್ಕೂ ಹಳದಿಗೂ ಜಗಳ ಹತ್ತತೈತಿ. ಮೂಗರ ನೋಡು, ನತ್ತು ಕುಂದ್ರಾಕ ಜಾಗಾ ಇಲ್ಲ. ನಮ್ಮ ಬಸಣ್ಣ ಏನ ನೋಡಿ ಹೂಂ ಅಂದನೋ."

ಹನಮವ್ವನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಮನೆಯ ಹೆಂಗಸರು ಸೂರು ನೋಡಿದರು. ಸುವರ್ಣಾ ತನ್ನ ಮೂಗು ಮುಟ್ಟಿ ನೋಡಿಕೊಂಡಳು. ಬೀಗರ ಮಾತು ಕಿವಿಗೆ ಬಿತ್ತು ಅಂತ ಹೇಳಿದರೆ ಜಗಳ, ಜಗಳವಾಡಿದರೆ ಮಾನಗೇಡು. ಹನಮವ್ವ ಎಲೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ, ಯಾರಿಗೂ ಹೇಳದವಳ ಹಾಗೆ, ಆದರೆ ಜಾಲರಿಗೆ ಮುಖ ಎತ್ತಿ ಅಂದಳು:

"ವರನ ಸೂಟಿಗೆ ಭಾಳ ಅರಿವಿ ಬೇಕಾಗೂದಿಲ್ಲ ನಡೀರಿ. ಹುಡುಗ ನಿಂತ್ರೂ ಒಂದ, ಕುಂತ್ರೂ ಒಂದ."

ಅದು ಗೋಡೆ ದಾಟಲಿಲ್ಲ, ಕೊಳವೆ ಹಿಡಿದು ಹೋಗಿ ಸುಮಿತ್ರಾಬಾಯಿಯ ನೆತ್ತಿಯ ಮೇಲೆ ಬಿತ್ತು.

ಚಹಾ ಹಿಡಿದು ಬಂದ ನಿಯಾಜನಿಗೆ ಏನೂ ಗೊತ್ತಿಲ್ಲ. ಹೆಣ್ಣಿನವರ ಖೋಲಿಗೆ ಹೋದ. ಹನಮವ್ವ ಒಳ್ಳೆಯ ಕೋಟೊಂದನ್ನು ಆಚೆ ಸರಿಸಿದಳು.

"ಇದು ಬ್ಯಾಡೋ ತಮ್ಮಾ. ಸಾಲಿ ಹುಡುಗರು ಹಾಕ್ಕೊಳ್ಳೂವು ಇದ್ರ ತಗೊಂಡ ಬಾ."

"ಆಯಿ, ವರಗ ಅಲ್ಲೇನ್ರಿ?"

"ವರಗ."

ಗಂಡಿನವರ ಖೋಲಿಗೆ ಹೋದ. ಸುಮಿತ್ರಾಬಾಯಿ ಕೇಳಿದಳು: "ನಿಯಾಜ, ಉದ್ದ ಸೆರಗಿನ ಸೀರಿ ಅದಾವೇನು? ಹೆಣ್ಣಿನ ಕಡಿ ಅಜ್ಜಿಗೆ ಉಡುಗೊರಿ ಕೊಡೂದೈತಿ. ಸೆರಗು ಬಾಯಿ ಮುಚ್ಚೂವಷ್ಟರೆ ಇರಬೇಕು."

ನಿಯಾಜ ನಡುವಿನ ಪಡಸಾಲೆಯಲ್ಲಿ ಬಂದು ನಿಂತ. ಒಂದು ಖೋಲಿಯಲ್ಲಿ ವರನಿಗೆ ಶಾಲೆಯ ಚಡ್ಡಿ, ಇನ್ನೊಂದರಲ್ಲಿ ಅಜ್ಜಿಗೆ ಬಾಯಿಮುಚ್ಚುವ ಸೀರೆ. ಇಂಥ ಬಸ್ತಾ ಅವನು ಕಂಡಿರಲಿಲ್ಲ. ಏನಾಗಿದೆ ಅಂತ ಕೇಳಿದರೆ ಎರಡೂ ಕಡೆಯವರು ನಗುತ್ತಿದ್ದರು. ಆ ನಗು ನೋಡಿ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ನೀರಿನ ಕೊಡದ ಹತ್ತಿರ ಹನಮವ್ವ, ಸುಮಿತ್ರಾಬಾಯಿ ಎದುರುಬದುರಾದರು.

"ಅರಾಮ ಅದೀರ್ಯಾ ಅಮ್ಮಾರ? ನೀರ ಕುಡೀರಿ."

"ಮೊದಲ ನೀವು ಕುಡೀರಿ ಬಾಯಾರ. ಮಾತಾಡಿ ಮಾತಾಡಿ ಗಂಟಲ ಒಣಗಿರ್ತೈತಿ."

"ನಿಮ್ಮ ಹುಡುಗಿ ಲಕ್ಷಣ ಅದಾಳ್ರಿ."

"ನಿಮ್ಮ ಹುಡುಗಾ ಏನ ಕಡಿಮಿ? ಎಷ್ಟ ಎತ್ತರ."

ಇಬ್ಬರೂ ನಕ್ಕು ತಂತಮ್ಮ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಯಂತ್ರ ಉಸಿರು ಹಿಡಿದಾಗಲೆಲ್ಲ ಜಾಲರಿಯಿಂದ ಜಾಲರಿಗೆ ಗುಂಡು ಹಾರುತ್ತಿದ್ದವು; ಯಂತ್ರ ಎದ್ದು ಗುರುಗುಟ್ಟಿದಾಗ ಎರಡೂ ಕಡೆಯವರು ಮುಂದಿನ ಗುಂಡು ತುಂಬಿಕೊಳ್ಳುತ್ತಿದ್ದರು. ಒಂದು ಗಳಿಗೆಯಲ್ಲಿ ತಾಂಬಾದ ಮನೆಯ ಊಟದಲ್ಲಿ ಎಣ್ಣೆ ಕಾಣದ್ದೂ, ಹಿಪ್ಪರಗಿಯ ಮನೆಯಲ್ಲಿ ಚಹಾಕ್ಕೆ ಹಾಲು ಕಾಣದ್ದೂ ಸೂರಿನಲ್ಲಿ ಅದಲುಬದಲಾದವು. ನಿಯಾಜ ಬಾಗಿಲು ತೆರೆದರೆ ಎಲ್ಲರೂ ಬಟ್ಟೆ ನೋಡುತ್ತಿದ್ದರು. ಆರಿಸಿ ಇಟ್ಟ ಗುಡ್ಡೆ ಮಾತ್ರ ಬೆಳೆಯುತ್ತಿರಲಿಲ್ಲ. ಬಿಚ್ಚಿ ಬಿಸಾಡಿದ ಗುಡ್ಡೆ ಎದೆಮಟ್ಟ ಬಂದಿತ್ತು.

"ಗೋಡಿ ತೆಳ್ಳಗ ಆತೇನೋ?" ಎಂದು ಅವನು ಗೋಡೆಯನ್ನು ಬೆರಳಿನಿಂದ ಬಡಿದ. ಗೋಡೆ ಗಟ್ಟಿಯಾಗಿತ್ತು, ಬೆರಳು ನೊಂದಿತು.

"ಕಾಂತು, ನಿನ್ನ ಏಸಿಯೊಳಗ ಏನರ ಹೆಚ್ಚುಕಡಿಮಿ ಆಗೇತೇನು? ಮಂದಿ ಯಾಕೋ ಬ್ಯಾರೆನ ಆಗಾಕತ್ತಾರ."

ಕಾಂತು ರಿಮೋಟನ್ನು ಕಣ್ಣಿಗೆ ಹಿಡಿದು ನೋಡಿದ. "ಥಂಡಿ ಜಾಸ್ತಿ ಆಗಿರಬೇಕ್ರಿ. ಥಂಡಿ ತಲಿಗೆ ಏರಿದ್ರ ಹಂಗ ಆಗ್ತೈತಿ."

ಅಷ್ಟರಲ್ಲಿ ಪಕ್ಕದ ಬಳೆ ಅಂಗಡಿಯ ಅಮೀನಾಬಿ ಬಳೆಯ ಪೆಟ್ಟಿಗೆ ಹೊತ್ತು ಮೇಲೆ ಬಂದಳು. ಬಸ್ತಾ ಎಲ್ಲಿಯೋ ಅಮೀನಾಬಿ ಅಲ್ಲಿ. ಎರಡೂ ಖೋಲಿ ಹೊಕ್ಕು ಹೊರಬಂದು ನಿಯಾಜನ ತೋಳು ಹಿಡಿದಳು.

"ಬೇಟಾ, ಎರಡೂ ಕಡಿಗೂ ಮಂದಿ ಮೋತಿ ನೋಡಿದ್ಯಾ? ಬಳಿ ಏರಸಾಕ ಕೈ ಕೊಡು ಅಂದ್ರ ಮುಷ್ಟಿ ಕೊಡಾಕತ್ತಾರ. ನಿನ್ನ ಹೊಸಾ ಮಾಳಿಗಿಗೆ ದಿಷ್ಟಿ ತಾಗೇತಿ."

"ದಿಷ್ಟಿ ಯಾರದು ಖಾಲಾ?"

"ಯಾರದರ ಇರಲಿ. ನನ್ನ ಕಣ್ಣಿಗ ಇಷ್ಟ ಚಂದ ಕಾಣಸತೈತಿ ಅಂದ ಮ್ಯಾಲ ಬ್ಯಾರೇದವರ ಕಣ್ಣು ಸುಮ್ನಿರ್ತಾವೇನು? ಒಂದೀಟ ಲೋಬಾನ ಹಾಕೋಣ, ತಡಿ."

ನಿಯಾಜ ಬೇಡ ಅನ್ನುವಷ್ಟರಲ್ಲಿ ಅಮೀನಾಬಿ ಕೆಂಡದ ಮೇಲೆ ಲೋಬಾನ ಉದುರಿಸಿ ಪಡಸಾಲೆಯ ನಡುವೆ ಇಟ್ಟಾಗಿತ್ತು, ಸರಿಯಾಗಿ ಯಂತ್ರದ ಮೂಗಿನ ಕೆಳಗೆ. ಯಂತ್ರ ಆಗಷ್ಟೇ ಎದ್ದಿತ್ತು. ಹೊಗೆ ನೆಟ್ಟಗೆ ಮೇಲೆ ಹೋಯಿತು, ಒಂದು ಎಳೆಯೂ ಪಡಸಾಲೆಯಲ್ಲಿ ಉಳಿಯಲಿಲ್ಲ.

"ನೋಡಿದ್ಯಾ? ದಿಷ್ಟಿ ಹೆಂಗ ಎಳಕೊಂತು," ಎಂದಳು ಅಮೀನಾಬಿ.

ಎಳೆದುಕೊಂಡದ್ದನ್ನು ಯಂತ್ರ ಎರಡೂ ಖೋಲಿಗೆ ಪಕ್ಷಪಾತವಿಲ್ಲದೆ ಹಂಚಿತು. ಬಾಗಿಲುಗಳು ಬಡಬಡ ತೆರೆದವು. ತಾಂಬಾ ಒಂದು ಕಡೆಯಿಂದ, ಹಿಪ್ಪರಗಿ ಒಂದು ಕಡೆಯಿಂದ ಕೆಮ್ಮುತ್ತ ಪಡಸಾಲೆಗೆ ಬಂದು ನಿಂತವು.

"ವಾಸನಿ ಭಾಳ ಚಂದ ಐತ್ರಿ ಬೀಗರ," ಎಂದ ಬಸಣ್ಣ, ಕಣ್ಣೊರೆಸಿಕೊಳ್ಳುತ್ತ.

"ಹೌದ್ರಿ, ದೇವರ ಮುಂದ ನಿಂತಾಂಗ ಆತು," ಎಂದಳು ಹನಮವ್ವ, ಕೆಮ್ಮು ನಿಂತ ಮೇಲೆ.

ಕಾಂತು ಓಡಿ ಯಂತ್ರ ನಿಲ್ಲಿಸಿದ. ಏಣಿ ಹತ್ತಿ ಅಟ್ಟಕ್ಕೆ ಹೋಗಿ, ಹೊಗೆ ಹೋಗಲೆಂದು ಎರಡೂ ಕೊಳವೆಯ ಮೇಲಿನ ತಗಡಿನ ಮುಚ್ಚಳ ಬಿಚ್ಚಿಟ್ಟ. ಗಾಳಿ ಸೋಸುವ ಜಾಳಿಗೆ ಹೊಗೆ ಮೆತ್ತಿತ್ತು. ಅದನ್ನು ತೊಳೆಯಲು ಗಚ್ಚಿಗೆ ಒಯ್ದ. ಬೀಗರು ಮತ್ತೆ ಒಳಗೆ ಹೋದರು. ಕಾಂತುವಿಗೆ ನಾಲ್ಕು ಮಾತು ಅನ್ನಲೇಬೇಕೆಂದು ನಿಯಾಜ ಏಣಿ ಹತ್ತಿದ.

ಅಟ್ಟದಲ್ಲಿ ಕಾಂತು ಇರಲಿಲ್ಲ. ಆದರೆ ಎಡಗಡೆಯ ಕೊಳವೆಯೊಳಗೆ ಹನಮವ್ವ ಇದ್ದಳು. ಬಲಗಡೆಯ ಕೊಳವೆಯೊಳಗೆ ಸುಮಿತ್ರಾಬಾಯಿ ಇದ್ದಳು. ನಿಯಾಜ ಮಂಡಿಯೂರಿ ಒಂದು ಕೊಳವೆಗೆ ಒಂದು ಕಿವಿ ಕೊಟ್ಟ. ಬೆಳಗಿನಿಂದ ಸಿಕ್ಕುಗಟ್ಟಿದ್ದ ದಾರದ ತುದಿ ಆಗ ಅವನ ಕೈಗೆ ಸಿಕ್ಕಿತು.

"ಇವತ್ತ ಬಸ್ತಾ ಬ್ಯಾಡ," ಎನ್ನುತ್ತಿದ್ದಳು ಹನಮವ್ವ. "ತಲಿನೋವು ಅಂತ ಹೇಳಿ ಎದ್ದಬಿಡೋಣ. ಮುಂದ ಯಾರ ಕೈಯಾಗರ ಸಂಬಂಧ ಒಲ್ಲೆವು ಅಂತ ಹೇಳಿ ಕಳಿಸಿದ್ರಾತು."

"ಆಯಿ, ನನಗ ಹುಡುಗ ಗಿಡ್ಡ ಅನಸಲಿಲ್ಲ," ಎಂದಳು ಸುವರ್ಣಾ ಮೆಲ್ಲಗೆ.

"ನೀ ಅವನ್ನ ಕುಂತಾಗ ನೋಡೀದಿ. ಸುಮ್ನಿರು."

ಸಂಬಂಧ ಮುರಿದರೆ ಬಸ್ತಾ ಇಲ್ಲ, ಬಸ್ತಾ ಇಲ್ಲದಿದ್ದರೆ ತಾಂಬಾ ಇಲ್ಲ. ಕೆಳಗಿಳಿದು ಕೈಮುಗಿಯೋಣವೆಂದರೆ ಕೇಳಿದ್ದನ್ನು ಒಪ್ಪಿಕೊಳ್ಳಬೇಕು. ಆಗ ನಿಯಾಜನಿಗೆ ಹೊಳೆಯಿತು. ಇಷ್ಟು ವರ್ಷ ಹೆಂಗಸರ ಮುಂದೆ ಕೂತು, ಸೆರಗನ್ನು ತನ್ನ ಹೆಗಲ ಮೇಲೇ ಹಾಕಿಕೊಂಡು ತೋರಿಸಿ ಸೀರೆ ಮಾರಿದವನು ಅವನು. ಅವರ ರಾಗ, ಅವರ ಎಳೆತ, ಅವರ ಮೂಗುಮುರಿತ ಅವನ ನಾಲಿಗೆಗೆ ಅಂಟಿದ್ದವು. ಸುಮಿತ್ರಾಬಾಯಿಯ ಹಾಗೆ ಗಂಟಲು ದಪ್ಪ ಮಾಡಿ ಎಡಗಡೆಯ ಕೊಳವೆಗೆ ಬಾಯಿಟ್ಟ.

"ಬಸಣ್ಣ, ನಾ ಹಿಂದಾಗಡೆ ಏನ ಅಂದ್ರೂ ಮನಸಿನ್ಯಾಗ ಇಟಗೋಬ್ಯಾಡ. ಹುಡುಗಿ ಬಂಗಾರ ಅದಾಳ. ಆ ಅಜ್ಜೀನ್ನ ನೋಡಿದ್ರ ನನಗ ನಮ್ಮವ್ವನ ನೆನಪಾಗಿ ಕರುಳ ಹಿಂಡತೈತಿ."

ಆಮೇಲೆ ದವಡೆಯಲ್ಲಿ ಎಲೆ ಅಡಿಕೆ ಇದ್ದವನ ಹಾಗೆ ಬಾಯಿ ಓರೆ ಮಾಡಿ ಬಲಗಡೆಯ ಕೊಳವೆಗೆ:

"ಹುಡುಗ ಗಿಡ್ಡ ಇದ್ರ ಏನಾತವ್ವಾ. ನಿಂಬಿಗಿಡ ಏನ ತೆಂಗಿನ ಗಿಡದಷ್ಟ ಎತ್ತರ ಇರ್ತೈತೇನು? ಕಾಯಿ ಹಿಡಿಯೂದು ಅದ. ಆ ಸುಮಿತ್ರಾಬಾಯಿ ಅಂಥಾಕಿ ಒಬ್ಬಾಕಿ ಮನ್ಯಾಗ ಇದ್ರ ನಮ್ಮ ಹುಡುಗಿಗೆ ತವರಿನ ನೆನಪ ಬರೂದಿಲ್ಲ."

ಹನಮವ್ವ ಮೂಗು ಸೀನಿದ್ದು ಎಡಗಡೆಯಿಂದ ಬಂತು. ಬಲಗಡೆಯಿಂದ ಸುಮಿತ್ರಾಬಾಯಿಯ ನಿಟ್ಟುಸಿರು ಬಂತು. ಬಾಗಿಲುಗಳು ಮೆಲ್ಲಗೆ ತೆರೆದವು. ಪಡಸಾಲೆಯಲ್ಲಿ ಹೆಂಗಸರಿಬ್ಬರೂ ಒಬ್ಬರ ಕೈಗೊಬ್ಬರು ಎಲೆ ಅಡಿಕೆ ಇಟ್ಟರು. ಹನಮವ್ವ ಹೆಬ್ಬೆರಳಿನಿಂದ ಸುಮಿತ್ರಾಬಾಯಿಯ ಗಲ್ಲ ನೀವಿದಳು. ನಿಯಾಜ ಅಟ್ಟದ ಸಂದಿಯಿಂದ ಅದನ್ನು ನೋಡಿ ತನ್ನ ತೊಡೆ ತಾನೇ ತಟ್ಟಿಕೊಂಡ.

ಇಬ್ಬರೂ ಮತ್ತೆ ಒಳಗೆ ಹೋದರು. ಈ ಸಲ ಸುಮಿತ್ರಾಬಾಯಿ ಬಿಸಾಡಿದ್ದ ಗುಡ್ಡೆಯಿಂದಲೇ ಸೀರೆ ಎತ್ತಿ, ಇದೂ ಇರಲಿ, ಅದೂ ಇರಲಿ ಅನ್ನತೊಡಗಿದಳು. ಪಡಸಾಲೆಗೆ ಬಂದ ಗೈಬುಸಾಬನನ್ನು ನಿಯಾಜ ಕೈಸನ್ನೆ ಮಾಡಿ ಅಟ್ಟಕ್ಕೆ ಕರೆದ. ಬಸ್ತಾ ಗೆದ್ದ ಖುಷಿಯಲ್ಲಿ ಅವನಿಗೆ ಮುಂದಿನ ಕೆಲಸ ಹೇಳಿದ. ಗೈಬುಸಾಬ ಏನೋ ಅಡ್ಡ ಮಾತಾಡಿದ. ಅವನ ಬಾಯಿ ಮುಚ್ಚಿಸಿ ನಿಯಾಜ ಏಣಿ ಇಳಿದು, ಕನ್ನಡಿಯಲ್ಲಿ ತಲೆ ಬಾಚಿಕೊಂಡು ಗಂಡಿನವರ ಬಾಗಿಲು ತೆರೆದ.

ಎಲ್ಲರೂ ಎದ್ದು ನಿಂತಿದ್ದರು. ಹೆಣ್ಣಿನವರೂ ಅಲ್ಲೇ ಬಂದಿದ್ದರು. ಎಲ್ಲರ ಮುಖದ ಮೇಲೂ ನಗು ಇತ್ತು.

"ಮಾಲು ಭಾಳ ಚಲೋ ಐತ್ರಿ ನಿಯಾಜ," ಎಂದ ಬಸಣ್ಣ. "ಏನ ಹೊಳಪು, ಏನ ಹೊಳಪು. ನಮ್ಮ ತಾಂಬಾದ ಮಂದಿಗೆ ಅಷ್ಟ ಇದ್ರ ಸಾಕ್ರಿ."

"ಕಾಕಾರ, ಕುಂದರ್ರಿ, ಇನ್ನೂ ತೋರಸೂದೈತಿ."

"ಮನ್ಯಾಗ ಹಿರ್ಯಾರನ್ನ ಕೇಳಿ ಬರ್ತೇವಂತ."

ಹಿರಿಯರೆಲ್ಲ ಅಲ್ಲೇ ನಿಂತಿದ್ದರು. ನಿಯಾಜ ಹನಮವ್ವನ ಕಡೆ ನೋಡಿದ.

"ತಮ್ಮಾ, ಒಂದೀಟ ಕೈ ಹಿಡಿದ ಮೆಟ್ಟಲ ಇಳಸಪ್ಪಾ," ಎಂದಳು ಅವಳು. "ಮುದುಕಿಗೆ ಕಣ್ಣ ಎಲ್ಲಿ ಕಾಣಸಬೇಕು? ಹೊಸಾದು ಯಾವುದು, ಹಳೇದು ಯಾವುದು, ಒಂದೂ ತಿಳಿಯಂಗಿಲ್ಲ."

ಹಾಗಂದವಳು ಅವನ ಕೈ ಹಿಡಿಯದೆ ಚಟಚಟ ಇಳಿದು ಹೋದಳು. ಹಿಂದೆ ಸುಮಿತ್ರಾಬಾಯಿ, ಹನಮವ್ವನ ಚೀಲ ತಾನೇ ಹಿಡಿದು. ಅವರ ಹಿಂದೆ ಸುವರ್ಣಾ, ಮುತ್ತುರಾಜ ಮೆಟ್ಟಿಲಿಗೊಬ್ಬರಂತೆ. ಹುಡುಗಿ ಒಂದು ಮೆಟ್ಟಿಲು ಕೆಳಗೆ ಇದ್ದುದರಿಂದ ಜೋಡಿ ಬಹಳ ಚೆಂದ ಕಂಡಿತು. ಬೀಗರಲ್ಲಿ ಇಷ್ಟು ಒಗ್ಗಟ್ಟನ್ನು ಆ ಅಂಗಡಿ ಎಂದೂ ಕಂಡಿರಲಿಲ್ಲ. ಬಸಣ್ಣ ಮಾತ್ರ ಸ್ವಲ್ಪ ಹಿಂದೆ ನಿಂತು ಗೈಬುಸಾಬನ ಕಿವಿಯಲ್ಲಿ ಏನೋ ಹೇಳಿ ಇಳಿದ.

ನಿಯಾಜ ಬೆರಳು ಮಡಿಚಿ ಲೆಕ್ಕ ಹಾಕಿದ. ಸಂಬಂಧ ಕೂಡಿತು, ನಗು ಕೂಡಿತು, ಮಾಲು ಚಲೋ ಅಂದರು, ಎದ್ದು ಹೋದರು. ಅವನು ಖಾಲಿ ಖೋಲಿಯಲ್ಲಿ ಸುಮಿತ್ರಾಬಾಯಿ ಕೂತು ತಗ್ಗು ಮಾಡಿದ್ದ ಗಾದಿಯ ಮೇಲೆ ಕುಸಿದು ಕೂತ. ಎಲ್ಲಿ ತಪ್ಪಿತು? ಥಂಡಿ ಹೆಚ್ಚಾಯಿತೆ? ಲೋಬಾನ ಕಡಿಮೆಯಾಯಿತೆ?

ಆಗ ನೆತ್ತಿಯ ಮೇಲಿನ ಜಾಲರಿಯಿಂದ ಕಾಂತುವಿನ ದನಿ ಬಂತು. ಜಾಳಿ ತೊಳೆದು ಅಟ್ಟಕ್ಕೆ ಮರಳಿದ್ದ.

"ಚಾಚಾ, ಮುಚ್ಚಳಾ ಎರಡೂ ತಗದ ಅದಾವಲ್ಲ. ಇಲ್ಲಿ ನಿಂತ ಯಾರರ ಮಾತಾಡಿದ್ರೇನು?"

"ಮಾತಾಡಿದ್ರೇನು ಅಂತ ಕೇಳ್ತಿ?" ಇದು ಗೈಬುಸಾಬ. "ಮಾಲಕ್ರು ಇಲ್ಲೇ ನಿಂತಕೊಂಡ ಹೇಳಿದ್ರಪ್ಪ. ಹೋದ ವರ್ಷ ಉಳದ ಮಾಲಿಗೆ ಹೊಸಾ ಡಬ್ಬಿ ಹಾಕಿ ತೋರಸ್ರಿ, ತಾಂಬಾದ ಮಂದಿಗೆ ಹೊಳಪಿದ್ರ ಸಾಕು, ಹಿಪ್ಪರಗಿ ಮುದುಕಿಗಂತೂ ಕಣ್ಣ ಕಾಣಸೂದಿಲ್ಲಂತ. ಬ್ಯಾಡ್ರಿ, ಅದು ಒಂದ ಸಲ ಒಗದ್ರ ಬಣ್ಣ ಬಿಡತೈತಿ ಅಂತ ನಾ ಅಂದೆ. ಕೇಳಲಿಲ್ಲ."

"ಎಲ್ಲಾ ಕೆಳಗ ಕೇಳಿಸಿರಬೇಕಲ್ಲರಿ."

"ಕೇಳಿಸೇತಿ. ಅದಕ್ಕ ಬಸಣ್ಣ ಗೌಡ್ರು ಹೋಗೂ ಮುಂದ ನನ್ನ ಕಿವ್ಯಾಗ ಹೇಳಿ ಹ್ವಾದ್ರು. ಸೊಲ್ಲಾಪುರಕ್ಕ ನಮ್ಮ ಜೋಡಿ ಬರ್ರಿ ಗೈಬುಸಾಬ, ಯಾವುದ ಬಣ್ಣ ಬಿಡತೈತಿ ಅಂತ ಖರೇ ಹೇಳೂ ಮನಷಾ ಒಬ್ಬಾವ ಬೇಕು, ಇನ್ನ ಮ್ಯಾಲ ನಮ್ಮೂರಿನ ಬಸ್ತಾಕ್ಕೆಲ್ಲ ನೀವ ಬರಬೇಕು ಅಂತ. ಕೆಳಗ ಟೆಂಪೊ ನಿಂದ್ರಿಸ್ಯಾರ."

"ಮಾಲಕ್ರಿಗೆ ಏನ ಹೇಳ್ತೀರಿ?"

"ಖರೇ ಹೇಳಾಕಾಗ್ತೈತೇನು? ಏನರ ಒಂದ ಹೇಳ್ತೇನಿ."

ಏಣಿ ಕಿರುಗುಟ್ಟಿತು. ಗೈಬುಸಾಬ ಬಾಗಿಲಲ್ಲಿ ಬಂದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡ.

"ಮಾಲಕ್ರ, ಮನಿಯಿಂದ ಫೋನ್ ಬಂದಿತ್ರಿ. ಮೊಮ್ಮಗಳು ಸಗೀರಾಗ ಯಾಕೋ ಮೈ ಬಿಸಿ ಆಗೇತಂತ. ಇವತ್ತ ಒಂದೀಟ ಲಗೂನ ಹೋಗ್ತೇನ್ರಿ."

ಕೆಳಗೆ ಬೀದಿಯಲ್ಲಿ ಟೆಂಪೊ ಎರಡು ಸಲ ಹಾರ್ನ್ ಹೊಡೆಯಿತು. ನಿಯಾಜ ಜಾಲರಿಯನ್ನೊಮ್ಮೆ ನೋಡಿದ, ಗೈಬುಸಾಬನನ್ನೊಮ್ಮೆ ನೋಡಿದ. ಆಮೇಲೆ ಅವನೂ ನಕ್ಕ.

"ಹೋಗ್ರಿ ಚಾಚಾ, ಪಾಪ, ಹುಡುಗಿ ಕಾಯ್ತಿರ್ತಾಳ. ಮುಂದಿನ ಸೀಟಿನ್ಯಾಗ ಕುಂದರ್ರಿ, ಸೊಲ್ಲಾಪುರ ತನಕ ಹಿಂದ ಗಾಳಿ ಬರೂದಿಲ್ಲ."